ಗಾಡಿಯೊಳಗಿನ ಮಣ್ಣು

ಹದಿನಾಲ್ಕು ಮಳಿಗಾಲ ಆತು,
ಪುಣೆದಿಂದ ಮಂದೀನ ಗುಡ್ಡಕ್ಕ ಒಯ್ದು ತರೂದು ನನ್ನ ಕೆಲಸ.
ಹದಿನೇಳು ಸೀಟಿನ ಟೆಂಪೊ, ಮ್ಯಾಲ ಹಗ್ಗ ಬಿಗಿದ ಬ್ಯಾಗು,
ಒಳಗ ಚಿಪ್ಸಿನ ವಾಸನಿ, ವಾಂತಿಗಂತ ಎರಡು ನಿಂಬಿಹಣ್ಣು.

ಯಾವ ಜಾಗಾನೂ ನಾ ನೋಡಿಲ್ಲ.
ನೋಡಿದ್ದು ಪಾರ್ಕಿಂಗ್.
ಕ್ವಾಟಿ ಅಂದ್ರ ನನಗ ಒಂದು ಮಾವಿನ ನೆರಳು,
ಧಬಧಬಿ ಅಂದ್ರ ಹಿಂದಿನ ಟಾಯರಿಗೆ ಕೊಡೋ ಕಲ್ಲು,
ಗವಿ ಅಂದ್ರ ಮೂವತ್ತು ರೂಪಾಯಿ ಚೀಟಿ,
ಸೂರ್ಯಾಸ್ತ ಅಂದ್ರ
ಹೆಡ್‌ಲೈಟ್ ಹಚ್ಚೋ ಹೊತ್ತು.

ಆದ್ರೂ ಎಲ್ಲಾ ಗೊತ್ತು.
ಹೋದವರ ಬೂಟು ತಿರುಗಿ ಬಂದು ಹೇಳತಾವ.
ಕೆಂಪು ಮಣ್ಣಾಗ ಸಣ್ಣ ಹರಳು: ಕಡೀ ಮೆಟ್ಟಲತನಕ ಹತ್ಯಾರ.
ಕರಿ ಕೆಸರು ಹಿಮ್ಮಡಕ್ಕಷ್ಟ: ಬದುವಿನ ಮ್ಯಾಲ ನಿಂತು ಫೋಟೊ ಹೊಡಕೊಂಡಾರ.
ಪ್ಯಾಂಟಿನ ಹಿಂದ ಹಸರು ಹಾವಸಿ: ಜಾರಿ ಬಿದ್ದಾರ, ಯಾರಿಗೂ ಹೇಳೂದಿಲ್ಲ.
ಒಮ್ಮೆ ಮ್ಯಾಟಿನ ಮ್ಯಾಲ ನೀಲಿ ಎಸಳು ಸಿಕ್ಕಿತ್ತು.
ಕಾರವಿ, ಏಳು ವರ್ಷಕ್ಕೊಮ್ಮೆ ಅರಳತದ ಅಂದ್ರು.
ಮಾಳಿಂಗರಾಯನ ಫೋಟೊದ ಮುಂದ ಇಟ್ಟೆ.
ಏಳು ದಿನಕ್ಕ ಪುಡಿ ಆತು.

ಈ ಶ್ರಾವಣದಾಗ ನಾಣೇಘಾಟ.
ಜುನ್ನರ ದಾಟಿ, ಘಾಟಘರ ದಾಟಿ,
ಮಂಜಿನ್ಯಾಗ ರಸ್ತೆ ತಡವಿಕೋತ ಮುಟ್ಟಿದೆ.
ಮಂದಿ ರೇನ್‌ಕೋಟು ಚರಚರ ಅನಿಸಿಕೋತ ಇಳದು ಹೋದ್ರು.
ಹೌಸಾಬಾಯಿ ಗೋವಿನಜೋಳ ಸುಡತಿದ್ಲು,
ಹರಿದ ರಟ್ಟಿನಿಂದ ಕೆಂಡಕ್ಕ ಗಾಳಿ ಹಾಕತಿದ್ಲು.
"ನೀರು ಮ್ಯಾಲಕ್ಕ ಬೀಳೂದು ನೋಡೀಯೋ ಇಲ್ಲೋ, ಅಮೋಗಿ?"
ನೀರು ಮ್ಯಾಲಕ್ಕ ಬೀಳತದಂತ!
ಮುದುಕಿ ಚಾಷ್ಟಿ ಮಾಡತಾಳಂತ ನಕ್ಕೆ.
ಅಕಿ ಕೈ ಚಾಚಿದ್ಲು. "ಚಾವಿ ಕೊಡು. ಜಾ, ಬಘೂನ್ ಯೇ."
ಹದಿನಾಲ್ಕು ವರ್ಷದಾಗ
ಆ ಚಾವಿ ಹೆಂಡತಿ ಕೈಯಾಗೂ ಕೊಟ್ಟಿದ್ದಿಲ್ಲ.

ಬಂಡಿಗಲ್ಲಿನ ಸಂದಿ, ಅದರಾಗ ಹಳೇ ದಾರಿ,
ದಾರಿ ಬಾಯಿಗೊಂದು ಕಲ್ಲಿನ ಹರವಿ.
ಹಿಂದಕ ಎತ್ತಿನ ಮ್ಯಾಲ ಹೇರು ತಂದವರು
ಇದರಾಗ ಸುಂಕ ಹಾಕತಿದ್ರಂತ.
ಹಣಿಕಿ ನೋಡಿದೆ: ಮಳಿನೀರು, ಬಿಸ್ಕೀಟಿನ ಪಾಕೀಟು.
ಎಷ್ಟು ನಾಕಾ ದಾಟೀನಿ,
ಕೈ ಅಡ್ಡ ಮಾಡಿ ನಿಲ್ಲಿಸದ ನಾಕಾ ಇದೊಂದ.
ಕಿಸೆದಾಗಿನ ಪಾರ್ಕಿಂಗ್ ಚೀಟಿ ಹಾಕಬೇಕಂದೆ.
ಹಾಕಲಿಲ್ಲ. ಮಾಲಕಗ ಲೆಕ್ಕ ಕೊಡಬೇಕು.

ಅಂಚಿಗೆ ಬಂದೆ.
ಕೆಳಗ ಕೊಂಕಣ ಅಂತಾರ. ಕಾಣಲಿಲ್ಲ.
ಬಿಳೀದು, ಬರೇ ಬಿಳೀದು.
ಎಡಕ್ಕೊಂದು ಹಳ್ಳ ಓಡಿ ಬಂದು
ಕೊರಕಲಿನ ತುದಿಗೆ ಕಾಲಿಟ್ಟು
ಬೀಳಬೇಕು,

ಬೀಳಲಿಲ್ಲ.
ಗಾಳಿ ಅದರ ರಟ್ಟಿ ಹಿಡದು ಎತ್ತಿ ಒಗೀತು.
ಚೆಲ್ಲಿದ ಜ್ವಾಳ ಯಾರೋ ತಿರುಗಿ ಉಡ್ಯಾಗ ತುಂಬಿಕೊಂಡಂಗ
ನೀರು ಮ್ಯಾಲಕ್ಕ ಬಂತು,
ಬಂದು ನನ್ನ ಗದ್ದಕ್ಕ, ಮೂಗಿನ ಹೊಳ್ಳಿಗೆ ಕೆಳಗಿನಿಂದ ಬಡೀತು.
ಕೈಯಾಗ ಛತ್ರಿ ಇತ್ತು.
ಯಾವ ಕಡೆ ಹಿಡೀಬೇಕಂತ ಅದಕ್ಕೂ ತಿಳೀಲಿಲ್ಲ, ನನಗೂ.

ಎಷ್ಟೊತ್ತಾತೋ.
ತಿರುಗಿ ಬಂದ್ರ ಹದಿನೇಳು ಮಂದಿ ಗಾಡಿ ಮುಂದ ನಿಂತಿದ್ರು,
ನಾ ಅವರಿಗೆ ನಿಂತಂಗ.
"ಎಲ್ಲಿಗೆ ಹೋಗಿದ್ರಿ?"
"ಇಲ್ಲೇ, ನೀರಕಡಿಗೆ" ಅಂದೆ.
ಹೌಸಾಬಾಯಿ ಒಬ್ಬಾಕಿನ ನಕ್ಕಳು.
ಅಕಿ ಕೊಟ್ಟ ಚಾವಿಗೆ ಇದ್ದಲಿ ಮಸಿ ಹತ್ತಿತ್ತು.

ಮರುದಿನ ಕಾತ್ರಜದ ಶೆಡ್ಡಿನ್ಯಾಗ ಪೈಪು ಹಿಡದು ಮ್ಯಾಟು ತೊಳದೆ.
ಹದಿನೇಳು ಜೋಡಿ ಬೂಟಿನ ಸುದ್ದಿ ಗಟಾರಕ್ಕ ಹೋತು.
ಬಗ್ಗಿ ನೋಡಿದ್ರ ಬ್ರೇಕಿನ ಮ್ಯಾಲ
ಕೆಂಪು ಮಣ್ಣು, ಒಂದೆಳಿ ಹಾವಸಿ,
ಚಪ್ಪಲಿಯಿಂದ ಹೊರಗ ಬಂದ ನನ್ನ ಹೆಬ್ಬೆರಳು.
ಪೈಪು ಆಕಡೆ ತಿರುಗಿಸಿದೆ.

ವಾರ ಆತು.
ಸ್ವಾರಗೇಟಿನ ಸಿಗ್ನಲಿಗೆ ಕಾಲು ಒತ್ತಿದಾಗೊಮ್ಮೆ
ಒಂದೀಟು ಉದರತದ.