ಉಪ್ಪಿನ ಅಂಗೈ

ರಾತ್ರಿ ಹನ್ನೊಂದಕ್ಕೂ ಬಿಸಿಲು ಹೊಸಿಲಲ್ಲೇ ಕೂತಿರುತ್ತದೆ,
ಎದ್ದು ಹೋಗೆಂದರೂ ಹೋಗದ ನೆಂಟನ ಹಾಗೆ.
ಕಿಟಕಿಗೆ ರಟ್ಟು ಅಂಟಿಸಿದೆ, ಮೇಲೊಂದು ಕಂಬಳಿ ಬಿಟ್ಟೆ,
ಎಲ್ಲೋ ಒಂದು ಸಂದಿಯಲ್ಲಿ ತೂರಿ ಬಂದು
ಯೋರುನ್‌ಳ ಮೂಗಿನ ಮೇಲೆ ಕೂರುತ್ತದೆ.
ಇಪ್ಪತ್ತು ತಿಂಗಳ ಕೂಸು. ನಿದ್ದೆಯ ಜೊತೆ ಟೂ ಬಿಟ್ಟಿದೆ.

ಸರಿ ಬಾ, ಎಂದು ಬೂಟು ತೊಡಿಸುತ್ತೇನೆ,
ಎಡದ್ದು ಬಲಕ್ಕೆ ಹೋಗಿ, ಮತ್ತೆ ಬಿಚ್ಚಿ.
ಸೈಕಲ್ಲಿನ ಹಿಂದಿನ ಗಾಡಿಯಲ್ಲಿ ಕೂರಿಸುತ್ತೇನೆ.
ಶಾಲೆಗೆ ರಜೆ. ಬೀಗದ ಗೊಂಚಲು ನನ್ನ ಸೊಂಟದಲ್ಲೇ ಇದೆ,
ಕಾಲು ಮುರಿದ ಬೆಂಚುಗಳು ಆಗಸ್ಟ್‌ವರೆಗೆ ಕಾಯುತ್ತವೆ.

ಮಾರಿತ್ ಹಡಗಿನಲ್ಲಿದ್ದಾಳೆ, ಉತ್ತರದ ಮಂಜುಗಡ್ಡೆಯ ಅಂಚಿನಲ್ಲಿ,
ಮೀನಿನ ತಲೆ ತೆಗೆಯುವ ಯಂತ್ರದ ಮುಂದೆ.
ಆರು ವಾರ ಅಂದಿದ್ದಳು.
ಧಕ್ಕೆಯಲ್ಲಿ ಮಗಳ ಕೈ ಹಿಡಿದು ಆಡಿಸಿ ಆಡಿಸಿ
ಒಂದು ಮಾತು ಕಲಿಸಿ ಹೋದಳು: ಹಾದೆ.
ಚೆನ್ನಾಗಿರು ಎಂದರ್ಥ, ಹೊರಟಾಗ ಹೇಳುವುದು.
ಬರುತ್ತೇನೆ ಎಂಬುದು ಅದರೊಳಗೆ ಎಲ್ಲೂ ಇಲ್ಲ.

ಮೊದಲು ಸಿಕ್ಕಿದ್ದು ಕುರಿಗಳು.
ಟಾರು ಬೆಚ್ಚಗಿದೆಯೆಂದು ನಡುರಸ್ತೆಯಲ್ಲೇ ಮಲಗಿದ್ದವು,
ತಾಯಿ ಒಂದು, ಮರಿ ಎರಡು, ರಸ್ತೆ ಯಾರಪ್ಪನದು ಎಂಬಂತೆ.
ನೋಡು ನೋಡು, ಬ್ಯಾ, ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ
ಗಾಡಿಯೊಳಗಿಂದ ಪುಟ್ಟ ಕೈ ಮೇಲೆದ್ದಿತು.
ಹಾದೆ.
ಕುರಿ ಕಿವಿ ಒದರಿತು. ಜಾಗ ಬಿಡಲಿಲ್ಲ.

ಸೀಲ್‌ಗಳಿಗೂ ಅದೇ. ನೀರಿಳಿದ ಬಂಡೆಗಳ ಮೇಲೆ
ಮದುವೆಯೂಟ ಮುಗಿಸಿದ ಬೀಗರಂತೆ
ಹೊಟ್ಟೆ ಚೆಲ್ಲಿ ಬಿದ್ದಿದ್ದವು. ಹಾದೆ.
ಹಿಲ್ದುರಜ್ಜಿಯ ಜಗಲಿಯ ಕೆಳಗೆ, ಮರದ ಪೆಟ್ಟಿಗೆಯಲ್ಲಿ,
ತನ್ನೆದೆಯ ತುಪ್ಪುಳ ತಾನೇ ಕಿತ್ತು ಹಾಸಿ
ಕಾವಿಗೆ ಕೂತ ಈಡರ್ ಬಾತು,
ಅದಕ್ಕೆ ಮಾತ್ರ ಪಿಸುದನಿಯಲ್ಲಿ: ಹಾದೆ.

'ಬಂದಾಗ ಏನನ್ನಬೇಕು ಅಂತ ಕಲಿಸಲಿಲ್ಲವೇನೋ ಕೂಸಿಗೆ?'
ಅಜ್ಜಿ ಕೇಳಿದಳು. ನಾನು ಕಾಫಿ ನುಂಗಿದೆ.
ಆಕೆ ಕಾಗದದ ಪೊಟ್ಟಣದಲ್ಲಿ ಕಲ್ಲುಪ್ಪು ಕಟ್ಟಿಕೊಟ್ಟಳು.
'ಪ್ರಾಣಿಯ ಹಿಂದೆ ಓಡಬಾರದು. ಕೂತ್ಕೊಳ್ಳಿ.
ಅಂಗೈ ಚಾಚಿ. ಕಣ್ಣು ಬೇರೆ ಕಡೆಗಿರಲಿ.
ಬರುವುದಿದ್ದರೆ ಬರುತ್ತೆ.'

ಬಂತು, ಮೂರನೆಯ ರಾತ್ರಿಗೆ, ಕಪ್ಪು ಮೋರೆಯ ಮರಿ.
ಆದರೆ ಅರ್ಧ ಉಪ್ಪು ಅಷ್ಟರಲ್ಲಿ ಮಗಳ ಬಾಯಿಗೇ ಹೋಗಿತ್ತು.
ಒರಟು ನಾಲಿಗೆಗೆ ಅವಳು ಕಿಲಕಿಲ ನಕ್ಕು
ಬಿಕ್ಕಳಿಕೆ ಹತ್ತಿ, ಬಿಕ್ಕುತ್ತಲೇ ಮನೆ ಸೇರಿದಳು.

ಒಂದು ಸಲ ಮಾರಿತ್ ಫೋನಿನಲ್ಲಿ ಕಂಡಳು,
ಚೂರು ಚೂರಾಗಿ, ತುಟಿ ಮೊದಲು, ಮಾತು ಆಮೇಲೆ.
ಯೋರುನ್ ನೋಡಿದಳು, ಹಾದೆ ಅಂದಳು, ಗುಂಡಿ ಒತ್ತಿಬಿಟ್ಟಳು.
ಕೊನೆಯ ಚಿತ್ರದಲ್ಲಿ ಬಾಯಿ ತೆರೆದೇ ಇತ್ತು.
ನಗುತ್ತಿದ್ದಳೋ ಏನೋ.

ಆಮೇಲೆ ಆ ಮೂಸ್.
ಜೌಗಿನಾಚೆ ಕುಳ್ಳ ಬರ್ಚ್ ಮರಗಳ ನಡುವೆ
ನಾಲ್ಕು ಕಂಬದ ಮೇಲಿಟ್ಟ ಕತ್ತಲೆಯಂತೆ ನಿಂತಿತ್ತು,
ಪಕ್ಕದಲ್ಲಿ ಕೆಂಚು ಕರು.
ಇಡೀ ಬೇಸಿಗೆಯಲ್ಲಿ ನಾನು ಕಂಡ ಒಂದೇ ಕತ್ತಲೆ.
ಪುಟ್ಟ ಕೈ ಏಳಲೆಂದು ಕಾದೆ. ಏಳಲಿಲ್ಲ.
ನನ್ನ ಕಿವಿಯನ್ನು ಬಿಗಿಯಾಗಿ ಹಿಡಿದಿತ್ತು.
ತಾಯಿ ತಿರುಗಿತು, ಕರು ತಿರುಗಿತು, ಕೊಂಬೆ ಅಲುಗಾಡಿ ನಿಂತಿತು.
ಸೊಳ್ಳೆಗಳು ನಮ್ಮನ್ನು ತಿನ್ನುತ್ತಿದ್ದವು.
ಎಷ್ಟೋ ಹೊತ್ತಿನ ಮೇಲೆ, ಬರಿಯ ಪೊದೆಗೆ,
ಅವಳು ಹೇಳಿದಳು.

ಆರು ವಾರ ಏಳಾಯಿತು.
ಹಡಗು ಬಂದ ರಾತ್ರಿ ಸೂರ್ಯ ಮೊದಲ ಬಾರಿಗೆ
ಕಡಲನ್ನು ಮುಟ್ಟಿದ, ಸ್ನಾನದ ನೀರಿಗೆ ಕಾಲ್ಬೆರಳಿಟ್ಟು
ಬಿಸಿ ನೋಡುವವರ ಹಾಗೆ.
ಮಾರಿತ್ ಹಲಗೆ ಇಳಿದು ತೋಳು ಚಾಚಿ ಓಡಿ ಬಂದಳು,
ಡೀಸೆಲ್ಲು, ಮೀನು, ಯಾರದೋ ದೊಗಲೆ ಸ್ವೆಟರು.
ಯೋರುನ್ ನನ್ನ ಮೊಣಕಾಲ ಹಿಂದೆ ಸರಿದಳು.
ಕೈ ಅರ್ಧ ಮೇಲೆದ್ದಿತು.

ಓಡಬೇಡ, ಅಂದೆ. ಕೂತ್ಕೋ.
ನನ್ನನ್ನೊಮ್ಮೆ ದಿಟ್ಟಿಸಿ, ಒದ್ದೆ ಹಗ್ಗದ ಸುರುಳಿಯ ಮೇಲೆ ಕೂತಳು.
ಅಂಗೈ ಚಾಚಿ, ನಾನು ಹೇಳದೆಯೇ,
ಕಣ್ಣನ್ನು ಕಡಲಹಕ್ಕಿಗಳ ಕಡೆ ತಿರುಗಿಸಿದಳು.
ಪೊಟ್ಟಣಕ್ಕೆಂದು ನಾನು ಜೇಬು ತಡಕಿದೆ. ಬೇಕಿರಲಿಲ್ಲ.
ಏಳು ವಾರದ ಉಪ್ಪು ಆ ಕೈಯ ಬಿರುಕುಗಳಲ್ಲೇ ಕೂತಿತ್ತು.

ಒಂದು ಹೆಜ್ಜೆ. ನಿಂತಳು. ಇನ್ನೆರಡು.
ಯೋರುನ್ ಬಗ್ಗಿ, ಮೂಸಿ,
ನಾಲಿಗೆ ಚಾಚಿದಳು.
ಇನ್ನೂ ಏನೂ ಹೇಳಿಲ್ಲ.