ಕಳೆದ

ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಇಪ್ಪತ್ತಾರು ವರ್ಷ ಟೈಪು ಕುಟ್ಟಿದವನು ನಾನು.
ನನ್ನ ಇಂಗ್ಲಿಷು ಪಿಯುಸಿಯದು, ಅದೂ ಎರಡನೇ ಸಲಕ್ಕೆ ಪಾಸಾದದ್ದು.
ಆದರೂ ಸೊರಬದಿಂದ, ಆನಂದಪುರದಿಂದ, ಹೊಳೆಹೊನ್ನೂರಿನಿಂದ
ಶಿವಮೊಗ್ಗಕ್ಕೆ ಬಂದಿಳಿದವರು
ತಮ್ಮ ಸಂಕಟವನ್ನು ನನ್ನ ಬೆರಳಿಗೆ ಒಪ್ಪಿಸಿ
'ಗಟ್ಟಿಯಾಗಿ ಬರೀರಿ ಸ್ವಾಮಿ' ಅನ್ನುತ್ತಾರೆ.
ಗಟ್ಟಿ ಅಂದರೆ ಲೌಡೋ, ಹಾರ್ಡೋ, ಸ್ಟ್ರಾಂಗೋ,
ನನಗೆ ಇವತ್ತಿಗೂ ಬಗೆಹರಿದಿಲ್ಲ.

ಹಾಲಮ್ಮ ಮೊದಲ ಸಲ ಬಂದಾಗ
ಗಂಡ ಹೋಗಿ ಹದಿನೆಂಟು ದಿನ.
ಗರಗಸದ ಹಲ್ಲು ಹರಿತ ಮಾಡಿಸಿ ತರ್ತೀನಿ ಅಂತ
ಸೈಕಲ್ಲು ಹತ್ತಿ ಭದ್ರಾವತಿಗೆ ಹೋದವನು ತಿಮ್ಮೇಶ.
ಗರಗಸ ಅಂಗಡಿಯಲ್ಲಿತ್ತು, ಹರಿತವಾಗಿತ್ತು,
ಮಜೂರಿಯೂ ಸಂದಿತ್ತು.
'ಕಳೆದುಹೋಗ್ಯಾರೆ ಅಂತ ಬರೀರಿ,
ಹುಡುಕಿಕೊಡಿ ಅಂತ ಬರೀರಿ.'
ದೊಡ್ಡ ಸಾಹೇಬರು ಉತ್ತರದ ಕಡೆಯವರು, ಇಂಗ್ಲಿಷೇ ಆಗಬೇಕು.
ಬರೆದೆ: ಹಸ್ಬೆಂಡ್ ಈಸ್ ಲಾಸ್ಟ್.
ಪ್ಲೀಸ್ ಸರ್ಚ್ ಅಂಡ್ ಗಿವ್.

ಆಫೀಸಿನ ಗುಮಾಸ್ತ ನಕ್ಕು, ಕೆಂಪು ಗೀಟು ಎಳೆದು
ವಾಪಸು ಕಳಿಸಿದ:
ಕೊಡೆ ಲಾಸ್ಟ್, ಪರ್ಸು ಲಾಸ್ಟ್. ಮನುಷ್ಯ ಮಿಸ್ಸಿಂಗ್ ಕಣಯ್ಯಾ.
ಸರ್ಚ್ ಅಂಡ್ ಗಿವ್ ಅಂತೆ! ಟ್ರೇಸ್ ಅಂತ ಹಾಕು.

ಹಾಕಿದೆ. ಟ್ರೇಸ್ ಅಂದರೆ ಜಾಡು ಹಿಡಿಯುವುದು.
ಹಿಡಿದ ಮೇಲೆ ಕೊಡುವುದು ಯಾರ ಕೆಲಸವೋ,
ಅವಳ 'ಕೊಡಿ' ಮಾತ್ರ
ನನ್ನ ಬಿಳಿ ಬಣ್ಣದ ಕೆಳಗೆ ಉಳಿಯಿತು.

ಆ ರಾತ್ರಿ ಮಗಳ ಹಳೇ ಡಿಕ್ಷನರಿ ತೆಗೆದೆ.
ಲಾಸ್ಟ್ ಅನ್ನಬೇಕಾದರೆ ಕಳಕೊಂಡವರೊಬ್ಬರು ಇರಬೇಕಂತೆ,
ಮಿಸ್ಸಿಂಗ್ ಅಂದರೆ ಇರಬೇಕಾದಲ್ಲಿ ಖಾಲಿ,
ಬಾಚಣಿಗೆಯ ಮುರಿದ ಹಲ್ಲಿನ ಹಾಗೆ.
ಬಸ್ಸು ತಪ್ಪಿದರೂ ಮಿಸ್ಸು, ಗುರಿ ತಪ್ಪಿದರೂ ಮಿಸ್ಸು,
ಶಿಕಾರಿಪುರದ ಹಾಸ್ಟೆಲಿನಿಂದ ಮಗಳು
ಮೆಸೇಜಿನ ಕೊನೆಗೆ ಬರೆಯುವುದೂ ಮಿಸ್ಸು.
ತಪ್ಪಿಹೋಗುವುದಕ್ಕೂ ನೆನೆಯುವುದಕ್ಕೂ
ಒಂದೇ ಮಾತಿನಲ್ಲಿ ಸಂಸಾರ ತೂಗಿಸಿದ ಜನ
ಕೊಡೆಗೂ ಗಂಡನಿಗೂ ಯಾಕೆ ಬೇರೆ ಬೇರೆ ಇಟ್ಟರು?

ನಮ್ಮದೇನು ಕಮ್ಮಿಯೆ.
ಗದ್ದೆಯಲ್ಲಿ ಕಿತ್ತೆಸೆಯುವುದು ಕಳೆ,
ಮುಖದಲ್ಲಿ ಉಳಿಯಲೆಂದು ಬೇಡುವುದೂ ಕಳೆ.
ಹತ್ತರಲ್ಲಿ ಒಂದು ಕಳೆ ಅನ್ನುತ್ತಾರೆ ಮೇಷ್ಟ್ರು,
ಒಂದನ್ನು ಕಳೆದರೂ ಒಂಬತ್ತು ಉಳಿಯುತ್ತದೆಂದು
ಎಷ್ಟು ಸಲೀಸಾಗಿ ಹೇಳಿಕೊಟ್ಟುಬಿಡುತ್ತಾರೆ.

ಏಳು ವರ್ಷ ಕಳೆದವು.
ಇದನ್ನೊಮ್ಮೆ ಇಂಗ್ಲಿಷಿಗೆ ಹಾಕಿ ನೋಡಿ.
ಪಾಸ್ಡ್ ಅನ್ನುತ್ತೀರಿ, ವ್ಯಾಕರಣ ಸರಿ.
ಅವಳ ಕೈಗೆರೆ ನೋಡಿದ್ದರೆ ಲಾಸ್ಟ್ ಅನ್ನುತ್ತಿದ್ದಿರಿ.

ಮೊನ್ನೆ ಮತ್ತೆ ಬಂದಳು, ಕೈಯಲ್ಲಿ ವಕೀಲರ ಚೀಟಿ.
ಏಳು ವರ್ಷ ಸುದ್ದಿಯಿಲ್ಲದವನನ್ನು
ಸತ್ತವನೆಂದೇ ಎಣಿಸಬಹುದಂತೆ ಕಾನೂನು,
ಒಂದೂಕಾಲು ಎಕರೆ ಪಹಣಿ ಇವಳ ಹೆಸರಿಗೆ ಬರಬಹುದಂತೆ.
ಹೆಸರಿಗೆ ಮೊದಲು 'ಲೇಟ್' ಸೇರಿಸತಕ್ಕದ್ದು.

'ಲೇಟಾ?' ಅಂದಳು.
ಗಂಟಲು ಸರಿಮಾಡಿಕೊಂಡೆ. ಅದು, ಅಮ್ಮಾ,
ತಡವಾದ್ದಕ್ಕೂ ಹೇಳ್ತಾರೆ, ಮತ್ತೆ—
'ಗೊತ್ತು ಬಿಡಿ. ಮಾವನ ಕಾಗದದಾಗೂ ಹಂಗೇ ಬರ್ದಿತ್ತು.
ಹಾಕಿ. ಸುಳ್ಳೇನು?
ಊಟಕ್ಕೆ ಬರ್ತೀನಿ ಅಂದೋರು.'

ಟೈಪು ಮಾಡಿದೆ.
ಲೇಟಿಗೂ ತಿಮ್ಮೇಶನಿಗೂ ನಡುವೆ
ಸ್ಪೇಸು ಎರಡು ಬಿತ್ತು.
ತಿದ್ದಲಿಲ್ಲ.

ಐವತ್ತರ ನೋಟು ಕೊಟ್ಟಳು.
ನಾನು ಚಿಲ್ಲರೆಗೆ ಪಕ್ಕದ ಸ್ಟಾಂಪಿನವನ ಹತ್ತಿರ ಹೋಗಿ ಬರುವಷ್ಟರಲ್ಲಿ
ಹೊಳೆಹೊನ್ನೂರು ಬಸ್ಸಿಗೆ ಓಡಿಯಾಗಿತ್ತು.
ಹತ್ತು ರೂಪಾಯಿ ಇಂಕ್ ಪ್ಯಾಡಿನ ಕೆಳಗೆ ಇಟ್ಟಿದ್ದೇನೆ.
ಪುಸ್ತಕದಲ್ಲಿ ಬರೆದುಕೊಳ್ಳೋಣವೆಂದು ಕೂತೆ,
ಬ್ಯಾಲೆನ್ಸ್ ಅನ್ನಲೋ, ಡ್ಯೂ ಅನ್ನಲೋ ತೋಚದೆ
ಹಾಲಮ್ಮ ಅಂತಷ್ಟೇ ಬರೆದೆ.

ಆ ಕಡೆಯವರು ಯಾರಾದರೂ ಸಿಕ್ಕರೆ ಹೇಳಿ.