ಗಂಜಿಯ ಹದ

ಬಾಗಲಕೋಟೆಯ ಲ್ಯಾಬಿನಲ್ಲಿ ಕೆಟ್ಟ ಪಾಲಿಮರ್ ಹಾಳೆಯೊಂದನ್ನು
ಡಬ್ಬಿಯಲ್ಲಿಟ್ಟುಕೊಂಡು ಇಳಕಲ್ಲಿಗೆ ಬಂದೆ.
ಗಾಳಿ ಸೋಕಿದ್ದು, ಇನ್ನು ಪ್ರಯೋಗಕ್ಕೆ ಬಾರದು;
ಯಾರು ಮುಟ್ಟಿದರೂ ನಷ್ಟವಿಲ್ಲ.

ಶಂಕ್ರಕ್ಕ ಕುಣಿಮಗ್ಗದಿಂದ ಎದ್ದು
ಕಿಟಕಿಯ ಬೆಳಕಿಗೆ ಹಿಡಿದಳು:
“ಹಪ್ಪಳಾನೋ, ಹಾಲಿನ ಕೆನಿಯೋ?”

ಅಕ್ಕಾ, ಹೋದ ವರ್ಷ ನಿಮ್ಮ ಓಣಿಯಲ್ಲಿ
ಚಾರ್ಜಿಗಿಟ್ಟ ಸ್ಕೂಟರು ಹೊತ್ತಿ ಉರಿಯಿತಲ್ಲ,
ರೇಷ್ಮೆ ಲಡಿಗಳಿಂದ ಇನ್ನೂ ಆ ವಾಸನೆ ಹೋಗಿಲ್ಲವಲ್ಲ,
ಅದರ ಹೊಟ್ಟೆಯೊಳಗಿದ್ದ ದ್ರವದ ಜಾಗಕ್ಕೆ ಇದು.
ಸೋರುವುದಿಲ್ಲ. ಸುಲಭಕ್ಕೆ ಉರಿಯುವುದೂ ಇಲ್ಲ.
ಆದರೆ ಲಿಥಿಯಂ ಇದರೊಳಗೆ
ಅರವತ್ತು ಡಿಗ್ರಿ ಕಾಯಿಸಿದರಷ್ಟೇ ಹೆಜ್ಜೆ ಕೀಳುತ್ತದೆ;
ಇಳಕಲ್ಲಿನ ವೈಶಾಖವೂ ಹತ್ತೊಂಬತ್ತು ಕಡಿಮೆ ಬಿತ್ತು.

ಮೆದು ಮಾಡಿದೆ. ನಡೆಯಿತು.
ಮೂವತ್ತೇಳನೆಯ ಚಾರ್ಜಿಗೆ
ಲೋಹದ ಮುಳ್ಳೊಂದು ಒಳಗೊಳಗೇ ಬೆಳೆದು
ಈ ಬದಿಯಿಂದ ಆ ಬದಿಗೆ ತೂರಿ ನಿಂತಿತ್ತು.
ಗಟ್ಟಿ ಮಾಡಿದೆ. ಮುಳ್ಳಿಲ್ಲ, ನಡಿಗೆಯೂ ಇಲ್ಲ.

ಅವಳ ಹೆಬ್ಬೆರಳು ಹಾಳೆಯ ಮೇಲೆ ಹರಿದು
ಒಂದು ಕಡೆ ನಿಂತಿತು.
“ಇಲ್ಲೆ ಗಂಟ ಐತಿ ನೋಡು.
ಗಂಜಿ ದಪ್ಪಾತಂದ್ರ ಎಳಿ ಹರೀತಾವು,
ತೆಳುವಾತಂದ್ರ ಜುಂಗು ಏಳತಾವು.
ಹದಾ ಯಾರೂ ಹೇಳಿಕೊಡಂಗಿಲ್ಲ, ತಮ್ಮಾ.”

ಗಂಟಲ್ಲ, ಹರಳು ಕಟ್ಟಿದ ಜಾಗ ಅದು.
ಸೂಕ್ಷ್ಮದರ್ಶಕದಡಿ ಅದನ್ನು ಹುಡುಕಲು
ನನಗೆ ಮೂರು ದಿನ ಹಿಡಿದಿತ್ತು.
ಹೇಳಲಿಲ್ಲ.

ಕೈ ತೊಳೆಸಿ, ಚಹಾ ಕುಡಿದು ಹೊರಟೆ.
ಸೋಮವಾರ ಹೊಸ ಹಾಳೆ ಹೊಯ್ಯಬೇಕು,
ಉಪ್ಪೆಷ್ಟು ಎಂಬಲ್ಲಿ ಪುಸ್ತಕ ಇನ್ನೂ ಖಾಲಿ.
ಬಸ್ಸು ಅಮೀನಗಡ ದಾಟುವವರೆಗೂ
ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕುತ್ತ ಕೂತಿದ್ದೆ,
ನಡುವೆ ಏನೂ ಇಲ್ಲದೆ.